ಮುಂಬೈ ಮನೆಗೆ ಯಾವ ವಾಷಿಂಗ್ ಮಷಿನ್? ಪದೇ ಪದೇ ಕೇಳೋ ಪ್ರಶ್ನೆಗಳು

ಗಣಪತಿ ಹಬ್ಬ ಬಂತು, ದಸರಾ ಆಫರ್ ಶುರುವಾಯ್ತು ಅಂದ್ರೆ ಡೊಂಬಿವಲಿಯಿಂದ ಮೀರಾ ರೋಡ್ ತನಕ ನಮ್ಮ ಕನ್ನಡದೋರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಇದೇ ಮಾತು, ಯಾವ ಮಷಿನ್ ತಗೊಳ್ಳೋದು, ಯಾವ ಕಂಪನಿ ಒಳ್ಳೇದು. ಉತ್ತರ ಕೊಡೋರು ಅವ್ರ ಮನೇಲಿ ಇರೋದನ್ನೇ ಹೇಳ್ತಾರೆ, ತಪ್ಪಲ್ಲ, ಆದ್ರೆ ಅವ್ರ ಬಿಲ್ಡಿಂಗ್ ನೀರು ಬೇರೆ, ನಿಮ್ಮ ಬಿಲ್ಡಿಂಗ್ ನೀರು ಬೇರೆ, ಅವ್ರಿಗೆ ಬಾಲ್ಕನಿ ಇದೆ, ನಿಮಗೆ ಬಾತ್‌ರೂಮ್ ಪಕ್ಕ ಎರಡಡಿ ಜಾಗ ಅಷ್ಟೇ. ನನ್ನ ಪ್ರಕಾರ ಮಷಿನ್ ಆಯ್ಕೆ ಶುರುವಾಗ್ಬೇಕಾಗಿರೋದು ಮನೆ ನಲ್ಲಿಯಿಂದ, ಅದಕ್ಕೇ ಕೆಳಗೆ ಕಂಪನಿಗಿಂತ ನೀರಿನ ವಿಷಯಾನೇ ಜಾಸ್ತಿ ಬಂದಿದೆ.

ಅಂಗಡಿಗೆ ಹೋಗೋ ಮುಂಚೆ ಮನೇಲಿ ಏನೇನ್ ನೋಡ್ಕೊಂಡು ಹೋಗ್ಬೇಕು?

ನೀರು ದಿನಕ್ಕೆ ಎಷ್ಟು ಹೊತ್ತು ಬರುತ್ತೆ, ಎಷ್ಟು ಜೋರಾಗಿ ಬರುತ್ತೆ, ಮೆತ್ತಗಿನ ನೀರಾ ಗಡಸು ನೀರಾ, ಇದು ಮೊದಲು. ಆಮೇಲೆ ಜಾಗ. ಮಷಿನ್ ಇಡೋ ಜಾಗದ ಅಗಲ ಆಳ ಅಷ್ಟೇ ಅಲ್ಲ, ಮೇನ್ ಡೋರಿಂದ ಅಲ್ಲಿ ತನಕ ದಾರೀಲಿ ಬರೋ ಪ್ರತಿ ಬಾಗಿಲೂ ಅಳೀಬೇಕು, ಬಾಗಿಲು ತೆಗೆದಾಗ ಚೌಕಟ್ಟಿನ ಒಳಗೆ ಉಳಿಯೋ ಜಾಗ ಎಷ್ಟು ಅಂತ. ಮುಂಬೈನ ಹಳೇ ಫ್ಲ್ಯಾಟ್‌ಗಳಲ್ಲಿ ಬಾತ್‌ರೂಮ್ ಬಾಗಿಲು ಎರಡು ಅಡಿ ಚಿಲ್ಲರೆ ಇರುತ್ತೆ, ಮಾಮೂಲಿ ಫ್ರಂಟ್ ಲೋಡ್ (ಮುಂದೆ ಬಾಗಿಲಿರೋ ಮಷಿನ್) ಅಗಲ 60 ಸೆಂಟಿಮೀಟರ್, ಅಂದ್ರೆ ಹೆಚ್ಚುಕಮ್ಮಿ ಎರಡಡಿ, ಪ್ಯಾಕಿಂಗ್ ತೆಗೆದ್ರೂ ಸಿಕ್ಕಾಕೊಳ್ಳುತ್ತೆ. ಕೊನೇಗೆ ಪ್ಲಗ್, ಆ ಜಾಗದ ಹತ್ರ 16 ಆಂಪ್ ದೊಡ್ಡ ಪಾಯಿಂಟ್ ಇದೆಯಾ, ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ರ ಒಂದ್ಸಲ ಚೆಕ್ ಮಾಡ್ಸಿ. ಇಷ್ಟನ್ನ ಒಂದು ಚೀಟೀಲಿ ಬರ್ಕೊಂಡು ಹೋದ್ರೆ ಸೇಲ್ಸ್‌ಮನ್ ಏನೇ ತೋರ್ಸಿದ್ರೂ ನಿಮಗೆ ದಾರಿ ತಪ್ಪಲ್ಲ.

ಸೆಮಿ, ಟಾಪ್ ಲೋಡ್, ಫ್ರಂಟ್ ಲೋಡ್, ಮೂರರಲ್ಲಿ ನಿಜವಾದ ವ್ಯತ್ಯಾಸ ಏನು?

ಸೆಮಿ ಅಂದ್ರೆ ಸೆಮಿ ಆಟೋಮ್ಯಾಟಿಕ್, ಅದರಲ್ಲಿ ಎರಡು ಟಬ್, ಒಂದರಲ್ಲಿ ಒಗೆಯುತ್ತೆ, ಇನ್ನೊಂದರಲ್ಲಿ ಹಿಂಡುತ್ತೆ, ನಡುವೆ ಬಟ್ಟೆ ಎತ್ತಿ ಹಾಕೋದು ನೀವೇ. ನೀರು ಬಕೆಟ್‌ನಿಂದ ಸುರಿದ್ರೂ ನಡೆಯುತ್ತೆ. ಟಾಪ್ ಲೋಡ್‌ನಲ್ಲಿ ಮೇಲಿಂದ ಬಟ್ಟೆ ಹಾಕಿ ಬಟನ್ ಒತ್ತಿದ್ರೆ ಮುಗೀತು, ಅರ್ಧದಲ್ಲಿ ನಿಲ್ಸಿ ಮರೆತ ಕರ್ಚೀಫ್ ಹಾಕ್ಬಹುದು, ಬಗ್ಗೋದು ಬೇಡ, ಸೈಕಲ್ಲೂ ಮುಕ್ಕಾಲು ಗಂಟೆ ಒಂದು ಗಂಟೇಲಿ ಮುಗಿಯುತ್ತೆ. ಫ್ರಂಟ್ ಲೋಡ್‌ನಲ್ಲಿ ಡ್ರಮ್ ಅಡ್ಡಕ್ಕೆ ತಿರುಗುತ್ತೆ, ಬಟ್ಟೆ ಮೇಲಕ್ಕೆ ಹೋಗಿ ಕೆಳಕ್ಕೆ ಬೀಳ್ತಾ ಬೀಳ್ತಾನೇ ಕೊಳೆ ಬಿಡುತ್ತೆ, ಅದಕ್ಕೇ ನೀರು ಕಡಿಮೆ ಸಾಕು, ಬಟ್ಟೆ ಸವೆಯೋದೂ ಕಡಿಮೆ, ಒಳಗೆ ಹೀಟರ್ ಇರುತ್ತೆ. ಆದ್ರೆ ಟೈಮ್ ಜಾಸ್ತಿ ತಗೊಳ್ಳುತ್ತೆ, ಕಾಟನ್ ಪ್ರೋಗ್ರಾಂ ಹಾಕಿದ್ರೆ ಎರಡು ಗಂಟೆ ದಾಟೋದೂ ಉಂಟು. ಒಗೆತ ಯಾವುದರಲ್ಲಿ ಚೆನ್ನಾಗಿ ಅಂದ್ರೆ ಫ್ರಂಟ್ ಲೋಡೇ, ಅದರಲ್ಲಿ ನನಗೆ ಅನುಮಾನ ಇಲ್ಲ. ನಿಮ್ಮ ಮನೆಗೆ ಯಾವುದು ಅನ್ನೋದು ಬೇರೆ ಪ್ರಶ್ನೆ.

ನಮ್ಮದು ಚಾಳ್, ಅಂದ್ರೆ ವಠಾರದ ಥರ ಸಾಲು ಮನೆ, ಬೆಳಿಗ್ಗೆ ಒಂದೆರಡು ಗಂಟೆ ಮಾತ್ರ ನೀರು ಬರೋದು. ಆಟೋಮ್ಯಾಟಿಕ್ ತಗೊಳ್ಳಬಹುದಾ?

ಮನೆ ಒಳಗೆ ಎತ್ತರದಲ್ಲಿ ಟ್ಯಾಂಕ್ ಇಟ್ಟು ಅದರಿಂದ ಪೈಪ್ ಎಳೆಯೋಕೆ ಆಗದಿದ್ರೆ ಬೇಡ, ಸೆಮೀನೇ ತಗೊಳ್ಳಿ. ಆಟೋಮ್ಯಾಟಿಕ್ ಮಷಿನ್ ಒಗೆಯೋಕೆ ಒಂದ್ಸಲ, ಜಾಲಿಸೋಕೆ ಎರಡು ಮೂರು ಸಲ ನೀರು ತಗೊಳ್ಳುತ್ತೆ, ನಡುವೆ ನಲ್ಲಿ ನಿಂತ್ರೆ ಸೋಪಿನ ನೀರಲ್ಲಿ ಬಟ್ಟೆ ನೆನೆಸ್ಕೊಂಡು ಎರರ್ ತೋರ್ಸ್ತಾ ಕೂರುತ್ತೆ. ಸೆಮೀಲಿ ಹಾಗಲ್ಲ, ಡ್ರಮ್‌ನಲ್ಲಿ ತುಂಬ್ಸಿಟ್ಟ ನೀರನ್ನ ಮಗ್‌ನಲ್ಲಿ ಹಾಕಿ ಯಾವಾಗ ಬೇಕಾದ್ರೂ ಒಗೀಬಹುದು, ಮೊದಲು ಬಿಳಿ ಬಟ್ಟೆ, ಅದೇ ಸೋಪಿನ ನೀರಲ್ಲಿ ಆಮೇಲೆ ಬಣ್ಣದ ಬಟ್ಟೆ, ಕೊನೇಗೆ ಕಾಲೊರೆಸೋ ಬಟ್ಟೆ ಅಂತ ಒಂದೇ ನೀರನ್ನ ಮೂರು ಸಲ ಬಳಸ್ಬಹುದು. ಕೊನೇಲಿ ಜಾಲಿಸಿದ ನೀರು ಮೋರಿ ತೊಳೆಯೋಕಾಗುತ್ತೆ. ಚಾಳ್‌ನಲ್ಲಿ ಇರೋರಿಗೆ ಸೆಮಿ ಅಂದ್ರೆ ಕಡಿಮೆ ದರ್ಜೆದು ಅಂತ ಯಾರಾದ್ರೂ ಹೇಳಿದ್ರೆ ಕಿವಿಗೆ ಹಾಕ್ಕೋಬೇಡಿ, ಆ ನೀರಿಗೆ ಅದೇ ಸರಿಯಾದ ಮಷಿನ್. ಹಿಂಡೋ ಟಬ್ 1300 ಆರ್‌ಪಿಎಂ, ಅಂದ್ರೆ ನಿಮಿಷಕ್ಕೆ 1300 ಸುತ್ತಿನ ಆಸುಪಾಸು ತಿರುಗುತ್ತೆ, ಬಟ್ಟೆ ಚೆನ್ನಾಗೇ ಹಿಂಡುತ್ತೆ.

ನಾವು ಟಾಪ್ ಫ್ಲೋರ್. ನೀರಿನ ಪ್ರೆಶರ್ ಇಲ್ಲ ಅಂತ ಇನ್‌ಸ್ಟಾಲೇಷನ್‌ಗೆ ಬಂದೋನು ಹೇಳ್ದ. ಏನಿದು?

ಟಾಪ್ ಫ್ಲೋರ್‌ನವ್ರು ನೀರಿನ ಟ್ಯಾಂಕ್ ತಲೆ ಮೇಲೇ ಇದೆ ಅಂತ ನಿಶ್ಚಿಂತೆಯಿಂದ ಇರ್ತಾರೆ, ನಿಜ ಅಂದ್ರೆ ಉಲ್ಟಾ, ಪ್ರೆಶರ್ ಎಲ್ಲಕ್ಕಿಂತ ಕಡಿಮೆ ಇರೋದು ಅಲ್ಲೇ. ಲೆಕ್ಕ ಸುಲಭ, ನಲ್ಲಿಗಿಂತ ಟ್ಯಾಂಕ್ ನೀರು 10 ಮೀಟರ್ ಮೇಲಿದ್ರೆ ಪ್ರೆಶರ್ ಸುಮಾರು 1 ಬಾರ್. ಟಾಪ್ ಫ್ಲೋರ್‌ಗೂ ಟ್ಯಾಂಕಿಗೂ ಎರಡು ಮೂರು ಮೀಟರ್ ಅಂತರ ಅಷ್ಟೇ, ಅಂದ್ರೆ 0.2, 0.3 ಬಾರ್. ಎಷ್ಟೋ ಫ್ರಂಟ್ ಲೋಡ್‌ಗಳಿಗೆ 0.3ರಿಂದ 0.5 ಬಾರ್ ಬೇಕು, ಯೂಸರ್ ಮ್ಯಾನ್ಯುಯಲ್‌ನಲ್ಲಿ ಮೆಗಾಪಾಸ್ಕಲ್ ಲೆಕ್ಕದಲ್ಲಿ ಬರ್ದಿರ್ತಾರೆ, 0.05 ಅಂತಿದ್ರೆ ಅದೇ 0.5 ಬಾರ್. ಅದೇ ಬಿಲ್ಡಿಂಗ್‌ನಲ್ಲಿ ಎರಡು ಮೂರು ಫ್ಲೋರ್ ಕೆಳಗಿರೋರಿಗೆ ಈ ತಲೆನೋವೇ ಇಲ್ಲ. ಪ್ರೆಶರ್ ಸಾಲದಿದ್ರೆ ಎಲ್‌ಜಿ ಮಷಿನ್‌ನಲ್ಲಿ ಐಇ ಅಂತ ಬರುತ್ತೆ, ಬೇರೆ ಕಂಪನೀಲಿ ಬೇರೆ ಕೋಡ್, ಅದು ಮಷಿನ್ ಕೆಟ್ಟಿದ್ದಲ್ಲ, ನೀರು ಹೊತ್ತಿಗೆ ತುಂಬ್ತಿಲ್ಲ ಅಂತ ಅರ್ಥ.

ಮನೇಲೇ ನೋಡೋದು ಹೇಗೆ ಅಂದ್ರೆ, ಮಷಿನ್ ಪೈಪ್ ಸೇರಿಸೋ ನಲ್ಲೀನೇ ಪೂರ್ತಿ ತಿರುಗಿಸಿ 10 ಲೀಟರ್ ಬಕೆಟ್ ಇಟ್ಟು ಮೊಬೈಲ್‌ನಲ್ಲಿ ಟೈಮ್ ನೋಡಿ, ಬೆಳಿಗ್ಗೆ ಎಲ್ಲರ ಮನೇಲೂ ನಲ್ಲಿ ಓಡೋ ಹೊತ್ತಲ್ಲೇ ನೋಡಿ. ಒಂದು ನಿಮಿಷದ ಒಳಗೆ ತುಂಬಿದ್ರೆ ಚಿಂತೆ ಇಲ್ಲ. ಎರಡು ನಿಮಿಷದ ಹತ್ರ ಹೋದ್ರೆ ಕಡಿಮೆ ಪ್ರೆಶರ್‌ನಲ್ಲಿ ನಡೆಯೋ ಟಾಪ್ ಲೋಡ್ ನೋಡಿ, ಇಲ್ಲಾ ಮನೆ ಪೈಪ್‌ಗೆ ಸಣ್ಣ ಪ್ರೆಶರ್ ಪಂಪ್ ಹಾಕ್ಸಿ, ಸೊಸೈಟಿ ಸೆಕ್ರೆಟರಿನ ಕೇಳಿ ಹಾಕ್ಸಿ. ಟ್ಯಾಂಕಿಂದ ಬರೋ ಲೈನಿಗೆ ಪಂಪ್ ಹಾಕೋದು ಬೇರೆ ವಿಷಯ, ಬಿಎಂಸಿ (ಮುಂಬೈ ಮಹಾನಗರ ಪಾಲಿಕೆ) ಲೈನಿಗೇ ಡೈರೆಕ್ಟಾಗಿ ಪಂಪ್ ಹಾಕಿ ಎಳೆಯೋದು ಕಾನೂನಿಗೆ ವಿರುದ್ಧ, ಪಕ್ಕದೋರ ನೀರಿಗೂ ಕುತ್ತು, ಅದು ಮಾತ್ರ ಬೇಡ.

ಎಷ್ಟು ಕೆಜಿ ಮಷಿನ್ ಸಾಕು?

ಮಷಿನ್ ಮೇಲೆ ಬರೆದಿರೋ ಕೆಜಿ ಒಣ ಬಟ್ಟೆದು, ಒದ್ದೆದಲ್ಲ. ಒಂದು ಶರ್ಟ್ ಕಾಲು ಕೆಜಿ ಒಳಗೆ, ಜೀನ್ಸ್ 600ರಿಂದ 800 ಗ್ರಾಂ, ಸ್ನಾನದ ಟವೆಲ್ ಅರ್ಧ ಕೆಜಿ, ಡಬಲ್ ಬೆಡ್‌ಶೀಟ್ ದಿಂಬಿನ ಕವರ್ ಸೇರಿ ಒಂದು ಕೆಜಿ ಆಸುಪಾಸು ಅಂತಿಟ್ಕೊಳ್ಳಿ. ಗಂಡ ಹೆಂಡ್ತಿ ಇಬ್ಬರೇ ಇದ್ರೆ 6, 6.5 ಕೆಜಿ ಸಾಕು, ಇಬ್ಬರು ಮಕ್ಕಳಿದ್ರೆ 7ರಿಂದ 8, ಅತ್ತೆ ಮಾವ ಸೇರಿ ಆರು ಜನ ಅಂದ್ರೆ 8 ಮೇಲೆ. ಇನ್ನೊಂದು ವಿಷಯ, ಬರೆದಿರೋ ಕೆಜಿಯಷ್ಟೂ ತುಂಬ್ಸೋದು ಕಾಟನ್ ಪ್ರೋಗ್ರಾಂಗೆ ಮಾತ್ರ, ಕ್ವಿಕ್ ವಾಶ್‌ಗೆ ಎರಡು ಕೆಜಿ, ಸಿಂಥೆಟಿಕ್‌ಗೆ ಅರ್ಧ ಅಂತೆಲ್ಲ ಮ್ಯಾನ್ಯುಯಲ್‌ನಲ್ಲಿ ಇರುತ್ತೆ. ಊರಿಂದ ನೆಂಟರು ಬಂದಾಗ ಕಂಬಳಿ, ರಗ್ಗು ಒಗೀಬೇಕು ಅಂತ ವರ್ಷದಲ್ಲಿ ನಾಲ್ಕು ದಿನಕ್ಕೋಸ್ಕರ ದೊಡ್ಡ ಮಷಿನ್ ತಗೊಂಡು ಉಳಿದ ದಿನ ಅರ್ಧ ಖಾಲಿ ಓಡಿಸೋದು ನನಗೆ ಸರಿ ಅನ್ಸಲ್ಲ, ಅವನ್ನ ಲಾಂಡ್ರಿಗೆ ಕೊಡಿ. ಆದ್ರೆ ದಿನಾ ಒಗೆಯೋ ಬದಲು ಎರಡು ದಿನಕ್ಕೊಮ್ಮೆ ಒಗೆಯೋ ಮನೆ ಆದ್ರೆ ಒಂದು ಕೆಜಿ ಜಾಸ್ತಿದು ತಗೊಳ್ಳೋದ್ರಲ್ಲಿ ಅರ್ಥ ಇದೆ.

ನೀರು ಎಷ್ಟು ಖರ್ಚಾಗುತ್ತೆ?

ಮಾಡೆಲ್ ಮೇಲೆ ಹೋಗುತ್ತೆ, ಅಂದಾಜಿಗೆ 7 ಕೆಜಿ ಫ್ರಂಟ್ ಲೋಡ್ ಒಂದು ಸಲಕ್ಕೆ 40ರಿಂದ 60 ಲೀಟರ್, ಅಷ್ಟೇ ಬಟ್ಟೆಗೆ ಟಾಪ್ ಲೋಡ್ 100 ಲೀಟರ್ ದಾಟುತ್ತೆ. ನಗರದಲ್ಲಿ ಒಬ್ಬರಿಗೆ ದಿನಕ್ಕೆ ಎಲ್ಲಾ ಸೇರಿ 135 ಲೀಟರ್ ಅನ್ನೋದು ಸರ್ಕಾರಿ ಲೆಕ್ಕ, ಅದರ ಪಕ್ಕ ಇಟ್ಟು ನೋಡಿ. ಮುಂಬೈಗೆ ನೀರು ಬರೋದು ಭಾತ್ಸಾ, ತಾನ್ಸಾ, ಮೋಡಕ್ ಸಾಗರ್, ಅಪ್ಪರ್ ಮತ್ತೆ ಮಿಡ್ಲ್ ವೈತರಣಾ, ವಿಹಾರ್, ತುಳಸಿ ಅಂತ ಏಳು ಕೆರೆ ಡ್ಯಾಮ್‌ಗಳಿಂದ, ಅವು ತುಂಬೋದು ಮಳೆಗಾಲದಲ್ಲಿ ಮಾತ್ರ, ಜೂನ್ ಬರೋ ಹೊತ್ತಿಗೆ ತಳ ಕಾಣುತ್ತೆ. 2024ರಲ್ಲಿ ಮೇ ಕೊನೇಗೆ ಶೇ. 5, ಜೂನ್ 5ರಿಂದ ಶೇ. 10 ನೀರು ಕಡಿತ ಮಾಡಿದ್ದು ಇಲ್ಲಿರೋರಿಗೆಲ್ಲ ನೆನಪಿರುತ್ತೆ. ಬೇಸಿಗೇಲಿ ಟ್ಯಾಂಕರ್ ತರಿಸೋ ಸೊಸೈಟಿ ಆದ್ರೆ ಆ ದುಡ್ಡು ಮೇಂಟೆನೆನ್ಸ್‌ನಲ್ಲಿ ನಿಮ್ಮ ಕೈಯಿಂದಾನೇ ಹೋಗೋದು, ಹಾಗಾಗಿ ಪ್ರೆಶರ್ ಇದ್ದು ಜಾಗ ಇದ್ದು ಬಜೆಟ್ ಇದ್ರೆ ಫ್ರಂಟ್ ಲೋಡೇ ತಗೊಳ್ಳಿ ಅಂತ ನಾನು ಒತ್ತಿ ಹೇಳೋದು.

ನಮ್ಮ ಕಡೆ ಬೋರ್‌ವೆಲ್, ಟ್ಯಾಂಕರ್ ನೀರು. ಮಷಿನ್ ಬೇಗ ಹಾಳಾಗುತ್ತೆ ಅಂತಾರೆ, ನಿಜಾನಾ?

ನೀರು ಗಡಸಾಗಿದ್ರೆ ನಿಜ. ಬಿಎಂಸಿ ಕೆರೆ ನೀರು ಮೆತ್ತಗಿನ ನೀರು, ನವಿ ಮುಂಬೈನ ಮೋರ್ಬೆ ಡ್ಯಾಮ್ ನೀರೂ ಹಾಗೇ. ತೊಂದ್ರೆ ಇರೋದು ಬೋರ್‌ವೆಲ್ ಮೇಲೆ, ಎಲ್ಲಿಂದಲೋ ತುಂಬ್ಕೊಂಡು ಬರೋ ಟ್ಯಾಂಕರ್ ಮೇಲೆ ನಡೆಯೋ ಹೊಸ ಬಿಲ್ಡಿಂಗ್‌ಗಳಲ್ಲಿ. ಪುಣೆಯಲ್ಲಿರೋ ನಮ್ಮೋರಿಗೆ ಇದು ಇನ್ನೂ ಜಾಸ್ತಿ, ವಾಘೋಲಿ, ಉಂಡ್ರಿ, ಹಿಂಜೇವಾಡಿ ಕಡೆ ನಲ್ಲಿ ನೀರು ಸಾಕಷ್ಟು ಸಿಗದೆ ಬೋರ್ ನೀರು, ಟ್ಯಾಂಕರ್ ನೀರೇ ಗತಿ ಅನ್ನೋ ಸೊಸೈಟಿಗಳು ಬೇಕಾದಷ್ಟಿವೆ.

ಗಡಸು ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಜಾಸ್ತಿ. ಕಾಯಿಸಿದಾಗ ಅದು ಹೀಟರ್ ಮೇಲೆ ಸುಣ್ಣದ ಹಾಗೆ ಕೂರುತ್ತೆ, ಪೌಡರ್ ಜೊತೆ ಸೇರ್ಕೊಂಡು ಅದರ ಕೆಲಸ ಕೆಡ್ಸುತ್ತೆ, ಟವೆಲ್ ಗಟ್ಟಿ ಗಟ್ಟಿ ಆಗುತ್ತೆ, ಬಿಳಿ ಬಟ್ಟೆ ಬೂದು ಬಣ್ಣಕ್ಕೆ ತಿರುಗುತ್ತೆ. ಗೊತ್ತು ಮಾಡ್ಕೊಳ್ಳೋಕೆ ಒಂದು ಸುಲಭದ ಪರೀಕ್ಷೆ ಇದೆ. ಖಾಲಿ ಪ್ಲಾಸ್ಟಿಕ್ ಬಾಟ್ಲೀಲಿ ಅರ್ಧ ನಲ್ಲಿ ನೀರು ಹಿಡೀರಿ, ಮೈಗೆ ಹಚ್ಚೋ ಸೋಪನ್ನ ಚಾಕೂಲಿ ಸ್ವಲ್ಪ ಕೆರೆದು ಹಾಕಿ, ಮುಚ್ಚಳ ಹಾಕಿ ಚೆನ್ನಾಗಿ ಕುಲುಕಿ ಇಡಿ. ನೊರೆ ಮೇಲೆ ನಿಂತು ಕೆಳಗಿನ ನೀರು ತಿಳಿಯಾಗಿದ್ರೆ ಮೆತ್ತಗಿನ ನೀರು. ನೊರೆ ಬರದೆ ನೀರು ಹಾಲಿನ ಬಣ್ಣಕ್ಕೆ ತಿರುಗಿ ಮೇಲೆ ಕೆನೆ ಥರ ಚೂರು ಚೂರು ತೇಲಿದ್ರೆ ಗಡಸು. ಬಟ್ಟೆ ಒಗೆಯೋ ಡಿಟರ್ಜೆಂಟ್ ಹಾಕಿ ನೋಡಿದ್ರೆ ಸರಿಯಾಗಿ ತಿಳಿಯಲ್ಲ, ಅದು ಗಡಸು ನೀರಲ್ಲೂ ನೊರೆ ಕೊಡುತ್ತೆ. ಟಿಡಿಎಸ್ ಮೀಟರೂ ಗಡಸುತನ ತೋರ್ಸಲ್ಲ, ಕರಗಿರೋ ಎಲ್ಲಾ ಉಪ್ಪನ್ನೂ ಒಟ್ಟಿಗೆ ತೋರ್ಸುತ್ತೆ ಅಷ್ಟೇ. ಲೆಕ್ಕ ಬೇಕು ಅಂದ್ರೆ ಹಾರ್ಡ್‌ನೆಸ್ ಸ್ಟ್ರಿಪ್ ಸಿಗುತ್ತೆ, ಲೀಟರ್‌ಗೆ 180 ಮಿಲಿಗ್ರಾಂ ದಾಟಿದ್ರೆ ತುಂಬಾ ಗಡಸು ಅಂತ.

ಪರಿಹಾರ ಅಂತ ನಲ್ಲಿಗೆ ಸಿಕ್ಕಿಸೋ ಸಣ್ಣ ಸಾಫ್ಟನರ್ ಮಾರ್ತಾರಲ್ಲ, ಅದರಲ್ಲಿ ಎಷ್ಟೋ ಬರೀ ಪಾಲಿಫಾಸ್ಫೇಟ್ ಗುಂಡು ತುಂಬಿರೋದು, ಅದು ಹೀಟರ್ ಮೇಲೆ ಪೊರೆ ಕಟ್ಟೋದನ್ನ ತಡೆಯುತ್ತೆ, ನೀರನ್ನ ಮೆತ್ತಗೆ ಮಾಡಲ್ಲ. ನಿಜವಾದ ಸಾಫ್ಟನರ್‌ನಲ್ಲಿ ರೆಸಿನ್ ಅನ್ನೋ ಸಣ್ಣ ಮಣಿಗಳು ಇರುತ್ತೆ, ಆಗಾಗ ಉಪ್ಪು ನೀರು ಹಾಯಿಸ್ಬೇಕು. ಅದು ಆಗಲ್ಲ ಅಂದ್ರೆ ತಿಂಗಳು ಎರಡು ತಿಂಗಳಿಗೊಮ್ಮೆ ಡೀಸ್ಕೇಲಿಂಗ್ ಪೌಡರ್ (ಸುಣ್ಣದ ಪೊರೆ ಬಿಡಿಸೋ ಪುಡಿ) ಹಾಕಿ ಖಾಲಿ ಮಷಿನ್ ಬಿಸಿ ನೀರಲ್ಲಿ ಓಡ್ಸಿ.

ಡ್ರೈ ಬಾಲ್ಕನೀಲಿ, ಅಂದ್ರೆ ಕಿಚನ್ ಪಕ್ಕದ ಸಣ್ಣ ಬಾಲ್ಕನೀಲಿ, ಇಡಬಹುದಾ? ನೀರು ಹೊರಗೆ ಹೋಗೋ ಪೈಪ್ ಎಲ್ಲಿ ಬಿಡೋದು?

ಇಡಬಹುದು, ಮೇಲೆ ಶೀಟ್ ಇರ್ಬೇಕು, ಮಳೆ ಎರಚಲು ಹೊಡೀಬಾರ್ದು. ಪೈಪ್ ವಿಷಯ ಮಾತ್ರ ತಗೊಳ್ಳೋ ಮುಂಚೆನೇ ತಿಳ್ಕೊಳ್ಳಿ. ಫ್ರಂಟ್ ಲೋಡ್‌ನಲ್ಲಿ ಪಂಪ್ ಇರುತ್ತೆ, ನೀರನ್ನ ಹತ್ತಿರ ಹತ್ತಿರ ಒಂದು ಮೀಟರ್ ಎತ್ತರಕ್ಕೆ ಎತ್ತಿ ಹಾಕುತ್ತೆ, ಸಿಂಕ್‌ಗೆ ಬೇಕಾದ್ರೂ ಬಿಡಬಹುದು. ಸೆಮಿ ಮತ್ತೆ ಎಷ್ಟೋ ಟಾಪ್ ಲೋಡ್‌ಗಳಲ್ಲಿ ಪಂಪ್ ಇಲ್ಲ, ನೀರು ತಾನಾಗೇ ಇಳಿದು ಹೋಗ್ಬೇಕು, ಪೈಪ್ ನೆಲದ ಮಟ್ಟದಲ್ಲೇ ನಹಾಣಿ ಟ್ರ್ಯಾಪ್ (ನೆಲದಲ್ಲಿ ನೀರು ಹೋಗೋ ಜಾಲರಿ ತೂತು) ತನಕ ಇಳಿಜಾರಾಗಿ ಹೋಗ್ಬೇಕು. ನಡುವೆ ಬಾತ್‌ರೂಮ್ ಹೊಸ್ತಿಲು ಬಂದ್ರೆ ಪೈಪ್ ಅದನ್ನ ಹತ್ತಲ್ಲ, ನೀರು ಟಬ್‌ನಲ್ಲೇ ನಿಲ್ಲುತ್ತೆ. ಅಂಗಡೀಲಿ ಡ್ರೈನ್ ಪಂಪ್ ಇರೋ ಮಾಡೆಲ್ಲಾ ಅಂತ ಕೇಳಿ.

ಟಾಪ್ ಲೋಡ್ ಆದ್ರೆ ಮುಚ್ಚಳ ಮೇಲೆ ತೆರೆಯೋಕೆ ಜಾಗ ಬಿಡಿ, ಮೇಲೆ ಗೀಸರ್ ಪೈಪೋ ಲಾಫ್ಟೋ ಇದ್ರೆ ತೊಂದ್ರೆ. ಒಟ್ಟು ಒಂದೂಕಾಲು ಮೀಟರ್ ದಾಟಿ ಎತ್ತರ ಬೇಕಾಗುತ್ತೆ. ಜಾಗ ತೀರಾ ಇಕ್ಕಟ್ಟು ಅಂದ್ರೆ ಕಿಚನ್ ಪ್ಲಾಟ್‌ಫಾರಂ ಕೆಳಗೆ ಫ್ರಂಟ್ ಲೋಡ್ ಕೂರುತ್ತೆ, ಎತ್ತರ 85 ಸೆಂಟಿಮೀಟರ್, ಆದ್ರೆ ಎಷ್ಟೋ ಪ್ಲಾಟ್‌ಫಾರಂ ಅದಕ್ಕಿಂತ ಒಂದಿಂಚು ತಗ್ಗಿರುತ್ತೆ, ಅಳತೆ ನೋಡದೆ ಆರ್ಡರ್ ಮಾಡ್ಬೇಡಿ. ಆಳ ಕಡಿಮೆ ಬೇಕು ಅಂದ್ರೆ 6 ಕೆಜಿಯಲ್ಲಿ 45 ಸೆಂಟಿಮೀಟರ್ ಆಸುಪಾಸಿನ ಮಾಡೆಲ್ ಸಿಗುತ್ತೆ, ಹಿಂದೆ ಪೈಪ್‌ಗೆ ಇನ್ನೂ ಎರಡು ಮೂರು ಇಂಚು ಸೇರಿಸ್ಕೊಳ್ಳಿ.

ಮಳೆಗಾಲದಲ್ಲಿ ಬಟ್ಟೆ ಒಣಗಲ್ಲ. ಡ್ರೈಯರ್ ಇರೋದು ತಗೊಳ್ಳಲಾ?

ಜೂನ್‌ನಿಂದ ಸೆಪ್ಟೆಂಬರ್ ತನಕ ಮುಂಬೈಯಲ್ಲಿ ಮನೆ ತುಂಬಾ ಹಗ್ಗ, ಫ್ಯಾನ್ ಕೆಳಗೆ ಸ್ಕೂಲ್ ಯೂನಿಫಾರ್ಮ್, ಆ ಹಸಿ ವಾಸನೆ, ಇದನ್ನ ಇಲ್ಲಿರೋರಿಗೆ ವಿವರಿಸಿ ಹೇಳೋದೇನೂ ಬೇಡ. ಮೊದಲು ಒಂದು ಸ್ಪಷ್ಟ ಮಾಡ್ಕೊಳ್ಳಿ, ಸೆಮೀಲಿ, ಟಾಪ್ ಲೋಡ್‌ನಲ್ಲಿ ಡ್ರೈಯರ್ ಅಂತ ಹೇಳೋದು ಹಿಂಡೋದನ್ನ, ಒಣಗಿಸೋದನ್ನಲ್ಲ. ಬಿಸಿ ಗಾಳೀಲಿ ಪೂರ್ತಿ ಒಣಗಿಸೋದು ವಾಷರ್ ಡ್ರೈಯರ್, ಇಲ್ಲಾ ಬೇರೆ ಟಂಬಲ್ ಡ್ರೈಯರ್.

ವಾಷರ್ ಡ್ರೈಯರ್‌ನಲ್ಲಿ ಎರಡು ವಿಷಯ ನೋಡಿ. ಒಗೆಯೋದು 8 ಕೆಜಿ ಅಂದ್ರೆ ಒಣಗಿಸೋದು 5 ಕೆಜಿ ಆಸುಪಾಸು, ಪೂರ್ತಿ ಒಗೆದದ್ದನ್ನ ಒಂದೇ ಸಲ ಒಣಗಿಸೋಕಾಗಲ್ಲ. ಮತ್ತೆ ಎಷ್ಟೋ ಮಾಡೆಲ್ ಒಣಗಿಸೋವಾಗ್ಲೂ ಆವಿ ತಣಿಸೋಕೆ ನೀರು ಬಳಸುತ್ತೆ, ಕರೆಂಟೂ ಚೆನ್ನಾಗೇ ತಿನ್ನುತ್ತೆ. ಸಣ್ಣ ಮಗು ಇರೋ ಮನೆ, ಇಬ್ಬರೂ ಕೆಲಸಕ್ಕೆ ಹೋಗಿ ರಾತ್ರಿ ಬರೋ ಮನೆ, ಕಿಟಕಿ ಹೊರಗೆ ಹಗ್ಗ ಕಟ್ಟೋಕೆ ಬಿಡದ ಸೊಸೈಟಿ, ಇಂಥವರಿಗೆ ಅದರಿಂದ ನಿಜವಾಗ್ಲೂ ಉಪಕಾರ. ಉಳಿದೋರಿಗೆ ನಾನು ಹೇಳೋದು ಸ್ಪಿನ್ ಸ್ಪೀಡ್ ನೋಡಿ ಅಂತ. ಟಾಪ್ ಲೋಡ್ 700 ಆರ್‌ಪಿಎಂ ಆಸುಪಾಸು, ಫ್ರಂಟ್ ಲೋಡ್ 1000ದಿಂದ 1400. 1200 ಇದ್ರೆ ಮಳೆಗಾಲದಲ್ಲೂ ಫ್ಯಾನ್ ಕೆಳಗೆ ರಾತ್ರಿ ಹಾಕಿದ ತೆಳು ಬಟ್ಟೆ ಬೆಳಿಗ್ಗೆ ಸಿಗುತ್ತೆ, ಟವೆಲ್ ಜೀನ್ಸ್ ಮಾತ್ರ ಇನ್ನೊಂದು ದಿನ. ಬೇಕಾದ್ರೆ ಮತ್ತೊಂದ್ಸಲ ಬರೀ ಸ್ಪಿನ್ ಹಾಕಿ, ಅದಕ್ಕೆ ಖರ್ಚೇನೂ ಇಲ್ಲದಂಗೆ.

ಹೀಟರ್ ಬೇಕಾ? ಕರೆಂಟ್ ಬಿಲ್ ಏರುತ್ತಾ?

ಹೀಟರ್ ಸುಮಾರು 2000 ವ್ಯಾಟ್, ಅದಕ್ಕೇ 16 ಆಂಪ್ ಪಾಯಿಂಟ್, ಎಕ್ಸ್‌ಟೆನ್ಷನ್ ಬೋರ್ಡ್ ಖಂಡಿತಾ ಬೇಡ. ಬಿಲ್ ಮಾತ್ರ ಹೆದರಿದಷ್ಟು ಬರಲ್ಲ. ಫ್ರಂಟ್ ಲೋಡ್ ಒಗೆಯೋವಾಗ ಒಳಗಿರೋದು 15 ಲೀಟರ್ ಆಸುಪಾಸು ನೀರು ಅಂತಿಟ್ಕೊಂಡ್ರೆ, ಮುಂಬೈ ನಲ್ಲಿ ನೀರು 27 ಡಿಗ್ರಿ ಇರೋದನ್ನ 40ಕ್ಕೆ ಕಾಯಿಸೋಕೆ ಕಾಲು ಯೂನಿಟ್, 60ಕ್ಕೆ ಕಾಯಿಸೋಕೆ ಅರ್ಧ ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ. ಮೋಟರ್ ಖರ್ಚು ಬೇರೆ, ಅದು ಕಡಿಮೆ. ದಿನದ ಬೆವರಿನ ಬಟ್ಟೆಗೆ ತಣ್ಣೀರೇ ಸಾಕು, ಎಣ್ಣೆ ಜಿಡ್ಡಿಗೆ, ಶರ್ಟ್ ಕಾಲರ್‌ಗೆ 40, ಮಗುವಿನ ಲಂಗೋಟಿ, ಹಾಸಿಗೆ ಬಟ್ಟೆ, ಕಾಯಿಲೆ ಬಿದ್ದೋರ ಬಟ್ಟೆಗೆ 60. ತೆಂಗಿನೆಣ್ಣೆ ಹಚ್ಕೊಳ್ಳೋ ನಮ್ಮ ಮನೆಗಳಲ್ಲಿ ದಿಂಬಿನ ಕವರ್‌ಗೋಸ್ಕರ ಆದ್ರೂ ಹೀಟರ್ ಇರ್ಲಿ ಅಂತ ನನ್ನ ಅಭಿಪ್ರಾಯ, ತಣ್ಣೀರಲ್ಲಿ ಆ ಜಿಡ್ಡು ಪೂರ್ತಿ ಹೋಗಲ್ಲ. ಸ್ಟಾರ್ ಲೇಬಲ್ ನೋಡೋವಾಗ ನಕ್ಷತ್ರ ಎಣಿಸಿ ಬಿಡ್ಬೇಡಿ, ಒಂದು ಕೆಜಿ ಬಟ್ಟೆಗೆ ಎಷ್ಟು ಯೂನಿಟ್ ಅಂತ ಬರೆದಿರೋದನ್ನ ಓದಿ.

ಇನ್ವರ್ಟರ್, ಡೈರೆಕ್ಟ್ ಡ್ರೈವ್, ಎಐ, ಸ್ಟೀಮ್, ವೈಫೈ, ಇವಕ್ಕೆಲ್ಲ ದುಡ್ಡು ಕೊಡಬೇಕಾ?

ಇನ್ವರ್ಟರ್ ಮೋಟರ್‌ಗೆ ಕೊಡಿ, ಶಬ್ದ ಕಡಿಮೆ, ಕರೆಂಟ್ ಕಡಿಮೆ, ಬಾಳಿಕೆ ಜಾಸ್ತಿ. ಇದು ಕರೆಂಟ್ ಹೋದಾಗ ಬ್ಯಾಟರೀಲಿ ಓಡೋ ಇನ್ವರ್ಟರ್ ಅಲ್ಲ, ಮೋಟರ್ ವೇಗ ಹೆಚ್ಚುಕಮ್ಮಿ ಮಾಡೋ ವ್ಯವಸ್ಥೆ. ಡೈರೆಕ್ಟ್ ಡ್ರೈವ್ ಅಂದ್ರೆ ಬೆಲ್ಟ್ ಇಲ್ಲದೆ ಮೋಟರ್ ನೇರ ಡ್ರಮ್‌ಗೆ, ಒಳ್ಳೇದೇ, ಆದ್ರೆ ಬೆಲ್ಟ್ ಇರೋದೂ ಕೆಟ್ಟದ್ದಲ್ಲ, ಬೆಲ್ಟ್ ಹೋದ್ರೆ ಕಡಿಮೆ ಖರ್ಚಲ್ಲಿ ಬದಲಾಯಿಸ್ಬಹುದು. ಉಳಿದಿದ್ದಕ್ಕೆ ನಾನಾದ್ರೆ ಎಕ್ಸ್‌ಟ್ರಾ ಕೊಡಲ್ಲ.

ಮೋಟರ್‌ಗೆ 10 ವರ್ಷ ವಾರಂಟಿ ಅಂತ ಬರ್ದಿದೆ, ನಿಶ್ಚಿಂತೆ ಅಲ್ವಾ?

ಆ 10 ವರ್ಷ ಮೋಟರ್‌ಗೆ ಮಾತ್ರ. ಕೆಟ್ಟು ಕೂರೋದು ಹೆಚ್ಚಾಗಿ ಪಿಸಿಬಿ ಅಂದ್ರೆ ಕಂಟ್ರೋಲ್ ಬೋರ್ಡ್, ಡ್ರೈನ್ ಪಂಪ್, ನೀರಿನ ವಾಲ್ವ್, ಬೇರಿಂಗ್. ಪೂರ್ತಿ ಮಷಿನ್‌ಗೆ ಎಷ್ಟು ವರ್ಷ, ಪಿಸಿಬಿ ಅದರಲ್ಲಿ ಸೇರಿದೆಯಾ, ವಿಸಿಟಿಂಗ್ ಚಾರ್ಜ್ ಇದೆಯಾ, ಇದನ್ನ ಬಿಲ್ ಮಾಡೋ ಮುಂಚೆ ವಾರಂಟಿ ಕಾರ್ಡ್ ತೆರೆಸಿ ಓದಿ. ಸರ್ವಿಸ್ ಬಗ್ಗೆ ದೇಶದ ಲೆಕ್ಕ ಕೇಳೋದಕ್ಕಿಂತ ನಿಮ್ಮ ಬಿಲ್ಡಿಂಗ್ ವಾಚ್‌ಮನ್‌ನ ಕೇಳಿ, ಯಾವ ಕಂಪನಿ ಟೆಕ್ನಿಷಿಯನ್ ಕರೆದ ದಿನಾನೇ ಬರ್ತಾನೆ, ಯಾರು ವಾರ ಕಾಯಿಸ್ತಾರೆ ಅಂತ ಗೇಟಿನ ರಿಜಿಸ್ಟರ್ ಬರೆಯೋನಿಗೆ ಗೊತ್ತಿರುತ್ತೆ. ವಸಾಯಿ, ವಿರಾರ್, ಬದ್ಲಾಪುರ ಕಡೆ ಇರೋರಿಗೆ ಇದು ಇನ್ನೂ ಮುಖ್ಯ.

ಕೈಯಲ್ಲಿ ಒಗೆಯೋ ಪೌಡರ್ ಹಾಕಿದ್ರೆ ಏನಾಗುತ್ತೆ?

ಫ್ರಂಟ್ ಲೋಡ್‌ಗೆ ಬೇಡ, ನೊರೆ ಜಾಸ್ತಿಯಾಗಿ ಬಟ್ಟೆ ಬೀಳೋ ಪೆಟ್ಟೇ ಸಿಗಲ್ಲ, ಮಷಿನ್ ನೊರೆ ಕರಗಿಸೋಕೆ ಮತ್ತೆ ಮತ್ತೆ ನೀರು ತಗೊಳ್ಳುತ್ತೆ. ಮಷಿನ್‌ಗೆ ಅಂತಾನೇ ಮಾಡಿರೋ, ಮ್ಯಾಟಿಕ್ ಅಂತ ಬರೆದಿರೋದೇ ತಗೊಳ್ಳಿ. ಮುಂಬೈನ ಮೆತ್ತಗಿನ ನೀರಿಗೆ ಪ್ಯಾಕೆಟ್ ಮೇಲೆ ಹೇಳಿದ್ದಕ್ಕಿಂತ ಕಡಿಮೇನೇ ಸಾಕು. ಸೆಮಿಗೆ ಯಾವುದಾದ್ರೂ ನಡೆಯುತ್ತೆ.

ಫ್ರಂಟ್ ಲೋಡ್ ವಾಸನೆ ಬರುತ್ತಂತೆ, ಇಲ್ಲಿ ಹವಾಮಾನಕ್ಕೆ ಸರಿ ಹೋಗಲ್ವಂತೆ?

ಬಾಗಿಲಿನ ರಬ್ಬರ್ ಮಡಿಕೇಲಿ ನೀರು ನಿಂತು, ನೂಲು ಕೂದಲು ಸೇರಿ, ಕಪ್ಪು ಬೂಷ್ಟು ಹಿಡಿಯುತ್ತೆ, ವಾಸನೆ ಅಲ್ಲಿಂದ. ಒಗೆದು ಆದ್ಮೇಲೆ ಆ ಮಡಿಕೆಯನ್ನ ಬೆರಳಲ್ಲಿ ಬಿಡಿಸಿ ಒಣ ಬಟ್ಟೇಲಿ ಒರೆಸಿ, ಬಾಗಿಲು, ಸೋಪಿನ ಡ್ರಾಯರ್ ಎರಡೂ ಸ್ವಲ್ಪ ತೆರೆದಿಡಿ. ಒಗೆದ ಬಟ್ಟೆ ರಾತ್ರಿ ಇಡೀ ಒಳಗೆ ಬಿಡ್ಬೇಡಿ. ಕೆಳಗೆ ಮೂಲೇಲಿ ಸಣ್ಣ ಮುಚ್ಚಳ ಇರುತ್ತೆ, ಅದರ ಒಳಗೆ ಡ್ರೈನ್ ಫಿಲ್ಟರ್, ತಿಂಗಳಿಗೊಮ್ಮೆ ಕೆಳಗೆ ತಟ್ಟೆ ಇಟ್ಟು ನಿಧಾನಕ್ಕೆ ತಿರುಗಿಸಿ ತೆಗೀರಿ, ಕೊಳೆ ನೀರಿನ ಜೊತೆ ಚಿಲ್ಲರೆ ಕಾಸು, ಹೇರ್‌ಪಿನ್, ಮಕ್ಕಳ ಜೇಬಿನ ರಬ್ಬರ್ ತುಂಡು ಎಲ್ಲಾ ಬರುತ್ತೆ. ನೀರು ಹೊರಗೆ ಹೋಗ್ತಿಲ್ಲ ಅಂತ ಟೆಕ್ನಿಷಿಯನ್ ಕರೆಯೋ ಮುಂಚೆ ಇದನ್ನ ಮಾಡಿ, ಎಷ್ಟೋ ಸಲ ಅಷ್ಟಕ್ಕೇ ಸರಿ ಹೋಗುತ್ತೆ.

ಇಳಕಲ್ ಸೀರೆ, ರೇಷ್ಮೆ, ಅರಿಶಿನದ ಕಲೆ?

ರೇಷ್ಮೆ ಹಾಕ್ಲೇಬೇಡಿ, ಡ್ರೈ ಕ್ಲೀನ್‌ಗೆ ಕೊಡಿ. ಇಳಕಲ್ ಸೀರೆ ಸೆರಗು ಬಣ್ಣ ಬಿಡುತ್ತೆ, ಹೊಸದಾಗಿದ್ರೆ ಬೇರೆಯಾಗಿ ಕೈಯಲ್ಲೇ ತಣ್ಣೀರಲ್ಲಿ ಅದ್ದಿ ತೆಗೆಯೋದು ಒಳ್ಳೇದು. ಕಾಟನ್ ಸೀರೆ ಜಾಲರಿ ಚೀಲದಲ್ಲಿ ಮಡಿಚಿ ಹಾಕಿ ಡೆಲಿಕೇಟ್‌ನಲ್ಲಿ ಒಗೀಬಹುದು, ಇಲ್ಲಾಂದ್ರೆ ಬೇರೆ ಬಟ್ಟೆಗೆ ಸುತ್ತಿಕೊಂಡು ಹಗ್ಗ ಆಗುತ್ತೆ. ಅರಿಶಿನದ ಕಲೆ ಒಗೆದ ಮೇಲೂ ಉಳಿದ್ರೆ ಬಿಸಿಲಿಗೆ ಹಾಕಿ, ಅರಿಶಿನದ ಬಣ್ಣ ಬೆಳಕಿಗೆ ಮಾಸುತ್ತೆ.

ಮನೇಲಿ ವಯಸ್ಸಾದೋರು, ಮನೆಗೆಲಸದವಳು ಮಷಿನ್ ಹಾಕೋದು. ಯಾವುದು ಸುಲಭ?

ಮಂಡಿ ನೋವಿರೋ ಅಮ್ಮನಿಗೆ ಫ್ರಂಟ್ ಲೋಡ್ ಮುಂದೆ ಬಗ್ಗಿ ಒದ್ದೆ ಬಟ್ಟೆ ಎಳೆಯೋದು ಕಷ್ಟ. ಟಾಪ್ ಲೋಡ್ ತಗೊಳ್ಳಿ, ಇಲ್ಲಾ ಫ್ರಂಟ್ ಲೋಡ್‌ನ ಗಟ್ಟಿ ಸ್ಟ್ಯಾಂಡ್ ಮೇಲೆ ಇಡ್ಸಿ. ಟಚ್ ಬಟನ್‌ಗಿಂತ ತಿರುಗಿಸೋ ನಾಬ್ ಇರೋದು ನೋಡಿ. ಯಾರು ದಿನಾ ಬಳಸ್ತಾರೋ ಅವ್ರನ್ನ ಅಂಗಡಿಗೆ ಕರ್ಕೊಂಡು ಹೋಗಿ, ಅವ್ರ ಕೈಯಿಂದಲೇ ಬಾಗಿಲು ತೆಗೆಸಿ ಮುಚ್ಚಿಸಿ ನೋಡಿ.

ಇಲಿ ಕಾಟ, ತುಕ್ಕು?

ಎರಡೂ ಇಲ್ಲಿ ನಿಜವಾದ ತೊಂದ್ರೆ. ಗ್ರೌಂಡ್ ಫ್ಲೋರ್, ಮೊದಲನೇ ಫ್ಲೋರ್‌ನಲ್ಲಿ ಇಲಿ ಕೆಳಗಿಂದ ನುಗ್ಗಿ ವೈರ್, ಪೈಪ್ ಕಡಿಯುತ್ತೆ, ಕೆಳಗೆ ರ್‍ಯಾಟ್ ಮೆಶ್ ಇರೋ ಮಾಡೆಲ್ ಕೇಳಿ. ಇಲಿ ಕಡಿದಿದ್ದಕ್ಕೆ ವಾರಂಟಿ ಸಾಮಾನ್ಯವಾಗಿ ನಡೆಯಲ್ಲ. ವರ್ಸೋವಾ, ವರಳಿ ಥರ ಸಮುದ್ರದ ಪಕ್ಕ ಇರೋರು ಮಷಿನ್‌ನ ಒದ್ದೆ ನೆಲದ ಮೇಲೆ ಇಡದೆ ಸ್ಟ್ಯಾಂಡ್ ಮೇಲಿಡಿ, ಕೆಳಗಿನ ಅಂಚು ಆಗಾಗ ಒರೆಸಿ.

ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ?

ಓಡಿಸಿ ತೋರ್ಸಿದ್ರೆ ಮಾತ್ರ. ಖಾಲಿ ಡ್ರಮ್ ಕೈಯಲ್ಲಿ ತಿರುಗಿಸಿ, ಗರಗರ ಅಂದ್ರೆ ಬೇರಿಂಗ್ ಹೋಗಿದೆ, ಬಿಟ್ಟು ಬನ್ನಿ. ರಬ್ಬರ್ ಹರಿದಿದೆಯಾ, ಕೆಳಗೆ ತುಕ್ಕಿದೆಯಾ ನೋಡಿ, ಹಾಗೇ ಪೂರ್ತಿ ಸ್ಪಿನ್ ಆಗೋ ತನಕ ನಿಂತು ನೋಡಿ.

ಬೆಲೆ ಎಷ್ಟು, ಯಾವಾಗ ತಗೊಳ್ಳೋದು?

ಹೆಚ್ಚುಕಮ್ಮಿ ಸೆಮಿ 8ರಿಂದ 15 ಸಾವಿರ, ಟಾಪ್ ಲೋಡ್ 14ರಿಂದ 30, ಫ್ರಂಟ್ ಲೋಡ್ 25ರಿಂದ 50. ಸೆಪ್ಟೆಂಬರ್ 2025ರ ಜಿಎಸ್‌ಟಿ ಇಳಿಕೇಲಿ ವಾಷಿಂಗ್ ಮಷಿನ್ ದರಾನೂ ಇಳೀತು ಅಂತ ಕೆಲವರು ಅಂದ್ಕೊಂಡಿದ್ದಾರೆ, ಇಲ್ಲ, ಅದು 2018ರ ಜುಲೈನಲ್ಲೇ ಶೇ. 28ರಿಂದ 18ಕ್ಕೆ ಬಂದಿತ್ತು, ಈಗ್ಲೂ ಅಷ್ಟೇ ಇದೆ. ಹಬ್ಬದ ಆಫರ್‌ನಲ್ಲಿ ಬೆಲೆ ಇಳಿಯೋದು ನಿಜ, ಎಕ್ಸ್‌ಚೇಂಜ್‌ಗೆ ಒಪ್ಪೋ ಮುಂಚೆ ಭಂಗಾರದವನು, ಅಂದ್ರೆ ಗುಜರಿಯವನು, ಹಳೇದಕ್ಕೆ ಎಷ್ಟು ಕೊಡ್ತಾನೆ ಅಂತ ಕೇಳಿಟ್ಕೊಳ್ಳಿ.

ಡೆಲಿವರಿ ದಿನ ಏನ್ ನೋಡ್ಬೇಕು?

ಫ್ರಂಟ್ ಲೋಡ್ 60, 70 ಕೆಜಿ ತೂಗುತ್ತೆ, ಒಳಗೆ ಕಾಂಕ್ರೀಟ್ ತೂಕ ಕಟ್ಟಿರ್ತಾರೆ, ಲಿಫ್ಟ್ ಇಲ್ಲದ ಬಿಲ್ಡಿಂಗ್ ಆದ್ರೆ ಮೇಲೆ ತರೋಕೆ ಬೇರೆ ದುಡ್ಡು ಕೇಳ್ತಾರಾ ಅಂತ ಮೊದಲೇ ಮಾತಾಡ್ಕೊಳ್ಳಿ. ಕಂಪನಿಯವ್ರು ಬರೋ ತನಕ ನೀವೇ ಪ್ಲಗ್ ಹಾಕಿ ಓಡಿಸ್ಬೇಡಿ, ಯಾಕಂದ್ರೆ ಹಿಂದೆ ಮೂರೋ ನಾಲ್ಕೋ ಟ್ರಾನ್ಸಿಟ್ ಬೋಲ್ಟ್ ಇರುತ್ತೆ, ಸಾಗಿಸೋವಾಗ ಡ್ರಮ್ ಅಲುಗಾಡದಂಗೆ ಹಿಡಿಯೋಕೆ, ಅದನ್ನ ತೆಗೆಯದೆ ಸ್ಪಿನ್ ಹಾಕಿದ್ರೆ ಮಷಿನ್ ಇಡೀ ನೆಲದ ಮೇಲೆ ಕುಣಿದು ಒಳಗಿನದೆಲ್ಲ ಏಟು ತಿನ್ನುತ್ತೆ. ಇನ್‌ಸ್ಟಾಲೇಷನ್ ಆದ್ಮೇಲೆ ಮಷಿನ್‌ನ ನಾಲ್ಕೂ ಮೂಲೆ ಒತ್ತಿ ನೋಡಿ, ಅಲುಗಾಡಿದ್ರೆ ಕಾಲು ತಿರುಗಿಸಿ ಸಮ ಮಾಡ್ಸಿ. ಬಟ್ಟೆ ಇಲ್ಲದೆ ಒಂದು ಸೈಕಲ್ ಓಡ್ಸಿ, ಪೈಪ್ ಜೋಡಿಸಿದ ಕಡೆ ಒಣ ಕಾಗದ ಹಿಡಿದು ಒದ್ದೆ ಆಗ್ತಿದೆಯಾ ನೋಡಿ. ಬಿಚ್ಚಿದ ಬೋಲ್ಟ್‌ಗಳನ್ನ ಒಂದು ಕವರ್‌ನಲ್ಲಿ ಕಟ್ಟಿ ಬಿಲ್ ಜೊತೆ ಇಟ್ಕೊಳ್ಳಿ, ಬಾಡಿಗೆ ಮನೇಲಿರೋರು 11 ತಿಂಗಳ ಅಗ್ರಿಮೆಂಟ್ ಮುಗಿದು ಮನೆ ಬದಲಾಯಿಸೋವಾಗ ಅವನ್ನ ಮತ್ತೆ ಹಾಕಿಸಿಯೇ ಟೆಂಪೋಗೆ ಏರಿಸ್ಬೇಕು.